ಕೊಕ್ಕು ಆಡಿಸುವ ಕೋಳಿ: ಒಂದನೇ ತರಗತಿಯ ಮಗುವಿಗಾಗಿ ಒಂದು ಕಾಗದದ ಕಾರ್ಡ್

ಬೋಧನಾ ಅಭ್ಯಾಸದ ಅವಧಿಯಲ್ಲಿ ನಾವು ತಯಾರಿಸುವ ಕಲಿಕೋಪಕರಣಗಳಲ್ಲಿ ಹೆಚ್ಚಿನವು ಗೋಡೆಗೆ ತೂಗುಹಾಕುವಂಥವು. ಪಾಠ ಮುಗಿದ ಮೇಲೆ ಚಾರ್ಟನ್ನು ಸುರುಳಿ ಸುತ್ತಿ ಹಾಸ್ಟೆಲಿಗೆ ತರುತ್ತೇವೆ. ವೀಕ್ಷಕರು ಅದನ್ನು ನೋಡಿರುತ್ತಾರೆ, ಮಗು ಮುಟ್ಟಿರುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಕಾರ್ಡನ್ನು ಮಗುವೇ ಎತ್ತಿಕೊಂಡು ಕಲಿಯುತ್ತದೆ. ಆ ತತ್ತ್ವವನ್ನು ಅನುಸರಿಸಿ ಒಂದೇ ಮಗುವಿಗಾಗಿ ನಾನು ತಯಾರಿಸಿದ ಕಾರ್ಡಿನ ವಿವರ ಇಲ್ಲಿದೆ.

ಯಾರಿಗಾಗಿ, ಏಕೆ

ನನ್ನ ಬೋಧನಾ ವಿಷಯಗಳು ವಿಜ್ಞಾನ ಮತ್ತು ಗಣಿತ. ಶಾಲಾ ಅನುಭವದ ಅಂಗವಾಗಿ ಕೆಲವು ದಿನ ಒಂದನೇ ತರಗತಿಯಲ್ಲೂ ಇದ್ದೆ. ಅಲ್ಲಿ ಆರು ವರ್ಷದ ಒಬ್ಬ ಹುಡುಗಿ ಇದ್ದಳು. ತಂದೆ ತಾಯಿ ಕಟ್ಟಡದ ಕೆಲಸಕ್ಕೆ ಬಂದವರು, ಮನೆಮಾತು ತೆಲುಗು. ಹಾಜರಿ ಕರೆದಾಗ ಕೈ ಎತ್ತುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಅಕ್ಷರಗಳನ್ನು ನೋಡಿ ಅಂದವಾಗಿ ಬರೆಯುತ್ತಿದ್ದರೂ ಅವಳ ಮೌಖಿಕ ಕಲಿಕೆಯ ದಾಖಲೆ ಖಾಲಿ ಉಳಿದಿತ್ತು. ಹೀಗೇ ಮುಂದುವರಿದರೆ ಮಾತು ಬಲ್ಲ ಮಗುವೊಂದು ‘ನಿಧಾನ ಕಲಿಕೆಯವಳು’ ಎಂದು ದಾಖಲಾಗುತ್ತಿತ್ತು.

ಹಾಗಾಗಿ ಬಾಯಿ ತೆರೆಯುವ ಕಾರ್ಡನ್ನು ಆರಿಸಿಕೊಂಡೆ. ಚಿತ್ರ ಕೋಳಿಯದು. ಕನ್ನಡದಲ್ಲಿ ಕೋಳಿ, ತೆಲುಗಿನಲ್ಲಿ ಕೋಡಿ. ಮೊದಲ ಅಕ್ಷರ ಎರಡಕ್ಕೂ ಒಂದೇ.

ಸಾಮಗ್ರಿ

ಎರಡು ದಪ್ಪ ಹಾಳೆ, ಸ್ಕೇಲು, ಪೆನ್ಸಿಲು, ಕತ್ತರಿ, ಬಳಪದ ಬಣ್ಣ, ಅಂಟು. ಜೆರಾಕ್ಸ್ ಕಾಗದ ತೆಳು, ನಾಲ್ಕು ಸಲ ಆಡಿಸಿದರೆ ಹರಿಯುತ್ತದೆ. ಡ್ರಾಯಿಂಗ್ ಶೀಟು ಅಥವಾ ಒಳಬದಿ ಖಾಲಿ ಇರುವ ಹಳೆಯ ಲಗ್ನಪತ್ರಿಕೆ ಒಳ್ಳೆಯದು. ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿ ಅಂಟು ಮಾಡಿಕೊಳ್ಳಬಹುದು. ಹುಳು ಹಿಡಿಯದಿರಲೆಂದು ಇಂಥ ಅಂಟಿಗೆ ಮೈಲುತುತ್ತ ಹಾಕುವ ರೂಢಿಯಿದೆ. ಅದು ವಿಷ, ಮಕ್ಕಳ ಕಾರ್ಡಿಗೆ ಬೇಡ. ಸ್ಟೇಪ್ಲರ್ ಪಿನ್ನು, ಮಣಿ, ಮಿನುಗು ಪುಡಿಯೂ ಬೇಡ.

ಮಾಡುವ ವಿಧಾನ

1. ಹಾಳೆಯನ್ನು ಎರಡೂ ದಿಕ್ಕಿನಲ್ಲಿ ಮೆಲ್ಲಗೆ ಬಾಗಿಸಿ ನೋಡಿ. ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿರುವುದರಿಂದ ಒಂದು ಕಡೆ ಸುಲಭವಾಗಿ ಬಾಗುತ್ತದೆ. ನಡು ಮಡಿಕೆ ಆ ದಿಕ್ಕಿನಲ್ಲೇ ಬಂದರೆ ಒಡೆಯುವುದಿಲ್ಲ.

2. ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲಿನ ಗುಂಟ ಗೆರೆ ಒತ್ತಿ, ಹಾಳೆಯನ್ನು ಅರ್ಧಕ್ಕೆ ಮಡಚಿ. ಮಡಿಕೆ ಎಡಗಡೆಗಿರಲಿ.

3. ಮಡಿಕೆಯ ನಡುಭಾಗದಿಂದ ಒಳಕ್ಕೆ, ಮಡಿಕೆಗೆ ಲಂಬವಾಗಿ, 4 ಸೆಂ.ಮೀ. ಕತ್ತರಿಸಿ. ಕತ್ತರಿ ಕೆಲಸ ಶಿಕ್ಷಕರದೇ.

4. ಕತ್ತರಿಸಿದ ಜಾಗದ ಮೇಲಿನ ಮೂಲೆಯನ್ನೂ ಕೆಳಗಿನ ಮೂಲೆಯನ್ನೂ ತ್ರಿಕೋನವಾಗಿ ಮಡಚಿ ಉಗುರಿನಿಂದ ತೀಡಿ. ಹಾಳೆ ತಿರುವಿ ಅದೇ ಗೆರೆಯ ಮೇಲೆ ಹಿಂದಕ್ಕೂ ಮಡಚಿ, ಮತ್ತೆ ಮೊದಲಿನಂತೆ ಬಿಡಿಸಿ.

5. ಕಾರ್ಡನ್ನು ಅರ್ಧ ತೆರೆದು, ಎರಡು ತ್ರಿಕೋನಗಳನ್ನೂ ಬೆರಳಿನಿಂದ ಒಳಕ್ಕೆ ತಳ್ಳಿ, ಹಾಗೆಯೇ ಮುಚ್ಚಿ ಒತ್ತಿ. ಕೊಕ್ಕು ಸಿದ್ಧ.

6. ಎರಡನೆಯ ಹಾಳೆಯನ್ನು ಮಡಚಿ ಹೊರಹೊದಿಕೆಯಾಗಿ ಅಂಟಿಸಿ. ಅಂಚಿಗೆ ಮಾತ್ರ ಅಂಟು ಹಚ್ಚಿ. ಕೊಕ್ಕಿನ ಹಿಂದೆ ಹಚ್ಚಿದರೆ ಅದು ಆಡುವುದಿಲ್ಲ. ಕೊಕ್ಕಿನ ಹಿಂದೆ ಕಾಣುವ ಹೊದಿಕೆಯ ಭಾಗಕ್ಕೆ ಕೆಂಪು ಬಣ್ಣ ತುಂಬಿದರೆ ಬಾಯಿಯಂತೆ ಕಾಣುತ್ತದೆ.

ಕೋಳಿಯ ಹೊರಗೆರೆಯನ್ನಷ್ಟೇ ನಾನು ಬರೆದೆ. ಕಣ್ಣು, ಜುಟ್ಟು, ಗರಿಗಳನ್ನು ಮಗುವಿಗೆ ಬಿಟ್ಟೆ. ಪೂರ್ತಿ ಮುಗಿದ ಕಾರ್ಡಿನಲ್ಲಿ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ.

ಇದರಲ್ಲಿರುವ ಗಣಿತ

ಕತ್ತರಿಸಿದ ಉದ್ದ 4 ಸೆಂ.ಮೀ. ಇದ್ದು, ಮಡಿಕೆಯ ಮೇಲೂ ಅಲ್ಲಿಂದ ಎರಡೂ ಕಡೆ 4 ಸೆಂ.ಮೀ. ಗುರುತಿಸಿದರೆ, ಸಿಗುವುದು ಎರಡು ಸಮದ್ವಿಬಾಹು ಲಂಬಕೋನ ತ್ರಿಭುಜ. ಎರಡೂ ಸರ್ವಸಮವಾದ್ದರಿಂದ ಕೊಕ್ಕು ಓರೆಯಾಗುವುದಿಲ್ಲ. ಕಾರ್ಡನ್ನು ಬಿಡಿಸುತ್ತ ಹೋದಂತೆ ಕೊಕ್ಕು ಮುಚ್ಚುತ್ತದೆ, ಮಡಚುತ್ತ ಬಂದಂತೆ ತೆರೆಯುತ್ತದೆ. ನಾವು ನಿರೀಕ್ಷಿಸುವುದಕ್ಕೆ ಇದು ತದ್ವಿರುದ್ಧ. ಮಡಿಕೆಯನ್ನು ಒಳಕ್ಕೆ ತಿರುಗಿಸಿದ್ದೇ ಇದಕ್ಕೆ ಕಾರಣ. ಪ್ರೌಢಶಾಲೆಯಲ್ಲಿ ಸಮಮಿತಿ ಬೋಧಿಸುವಾಗಲೂ ಇದೇ ಕಾರ್ಡ್ ಬಳಸಬಹುದು.

ತರಗತಿಯಲ್ಲಿ

ಕಾರ್ಡನ್ನು ಅವಳ ಕೈಗೆ ಕೊಟ್ಟು ನಾನು ಏನನ್ನೂ ಕೇಳಲಿಲ್ಲ. ಎರಡು ದಿನ ಬಣ್ಣ ತುಂಬಿದಳು, ಸುಮ್ಮನೆ ಕೊಕ್ಕು ಆಡಿಸಿದಳು. ಮೂರನೆಯ ದಿನ ಪಕ್ಕದ ಹುಡುಗಿ, “ನಿನ್ ಕೋಳಿ ಏನಂತದೆ?” ಎಂದು ಕೇಳಿದಳು. ಕೊಕ್ಕು ಎರಡು ಸಲ ಆಡಿತು. “ಕೋಡಿ” ಎಂದಳು.

ಹಿಂದಿನ ಸಾಲಿನ ಹುಡುಗನೊಬ್ಬ ನಗುತ್ತ, “ಮಿಸ್, ಕೋಡಿ ಅಂದ್ರೆ ಕೆರೆ ತುಂಬಿ ಹರಿಯೋದು!” ಎಂದ. ಅವನ ಮಾತೂ ಸರಿಯೇ. ಅವಳದು ತಪ್ಪು ಎನ್ನುವ ಬದಲು ಕಪ್ಪು ಹಲಗೆಯ ಮೇಲೆ ‘ಕೋಳಿ’, ‘ಕೋಡಿ’ ಎರಡನ್ನೂ ಬರೆದು, “ಇವರ ಮನೇಲಿ ಕೋಳಿಗೆ ಕೋಡಿ ಅಂತಾರೆ. ಎರಡರಲ್ಲೂ ಒಂದೇ ಥರ ಇರೋ ಅಕ್ಷರ ಯಾವುದು?” ಎಂದು ಎಲ್ಲರನ್ನೂ ಕೇಳಿದೆ. ‘ಕೋ’ದ ಕೆಳಗೆ ಗೆರೆ ಎಳೆಯಲು ಅವಳೇ ಎದ್ದು ಬಂದಳು. ವಾರದ ಕೊನೆಗೆ ಅವಳ ಕೋಳಿ ಐದು ಕನ್ನಡ ಪದಗಳನ್ನು ಹೇಳುತ್ತಿತ್ತು. ಹಾಜರಿಗೆ ಮಾತ್ರ ಇನ್ನೂ ಕೈಯನ್ನೇ ಎತ್ತುತ್ತಿದ್ದಳು. ಎರಡನ್ನೂ ನನ್ನ ಅವಲೋಕನ ಪುಸ್ತಕದಲ್ಲಿ ಬರೆದಿದ್ದೇನೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಕಾರ್ಡ್ ಮಾಡಲು ನನಗೆ ಹಿಡಿದದ್ದು ಸುಮಾರು ಒಂದು ಗಂಟೆ. ಯಾವ ಪ್ರಾಣಿ ಎಂದು ನಿರ್ಧರಿಸುವ ಮೊದಲು ಆ ಮಗುವಿನ ಮನೆಮಾತಿನಲ್ಲಿ ಅದರ ಹೆಸರೇನೆಂದು ತಾಯಿಯನ್ನೋ ಅಣ್ಣ ಅಕ್ಕಂದಿರನ್ನೋ ಕೇಳಿ ತಿಳಿಯಿರಿ. ಅಭ್ಯಾಸ ಮುಗಿದು ನೀವು ಹೊರಡುವಾಗ ಕಾರ್ಡನ್ನು ಕಡತಕ್ಕೆ ಸೇರಿಸಬೇಡಿ, ಮಗುವಿನ ಹತ್ತಿರವೇ ಬಿಡಿ. ಕಡತಕ್ಕೆ ಅದರ ಅಳತೆಯ ಚಿತ್ರ ಸಾಕು.