ಹಿತ್ತಲಿನ ಹೊತ್ತುಗೊತ್ತು

ತರಕಾರಿ ಗಿಡಗಳಿಗೆ ಒಂದೊಂದಕ್ಕೂ ತನ್ನದೇ ಹೊತ್ತಿದೆ. ಕುಂಬಳದ ಹೂ ಬೆಳಕು ಹರಿಯುವ ಮೊದಲೇ ಅರಳಿ ಬಿಸಿಲು ಬಲಿಯುವಷ್ಟರಲ್ಲಿ ಮುದುಡುತ್ತದೆ. ಹಾಗಲದ್ದೂ ಬೆಳಗಿನ ಜಾವವೇ. ಹೀರೆ, ಸೋರೆ, ಪಡವಲಗಳಿಗೆ ದಿನ ಶುರುವಾಗುವುದು ಸಂಜೆಗೆ. ಕೆಲಸಕ್ಕೆ ಹೋಗಿಬರುವ ಕಾಲದಲ್ಲಿ ಈ ಯಾವ ಹೊತ್ತಿನಲ್ಲೂ ನಾವು ಹಿತ್ತಲಿನಲ್ಲಿ ಇರುವುದಿಲ್ಲ. ನಸುಕಿನಲ್ಲಿ ಅಡುಗೆಮನೆ, ಆಮೇಲೆ ಬಸ್ಸು, ಶಾಲೆ, ಸಂಜೆ ಮತ್ತೆ ಅಡುಗೆಮನೆ. ಮೈಸೂರಿನ ನಮ್ಮ ಮನೆಯ ಹಿಂದೆ ಗಿಡಗಳು ಆಗಲೂ ಇದ್ದವು. ಅವುಗಳ ಹೊತ್ತಿಗೆ ನಾನು ಸಿಗುತ್ತಿರಲಿಲ್ಲ ಅಷ್ಟೆ.

ಅರವತ್ತು ದಾಟಿದ ಮೇಲೆ ನಿದ್ದೆ ನಾಲ್ಕೂವರೆಗೇ ಬಿಟ್ಟುಹೋಗುತ್ತದೆ. ಸಂಜೆ ಐದರ ಮೇಲೆ ಹೊತ್ತು ಹೋಗುವುದಿಲ್ಲ. ನಮ್ಮ ವಯಸ್ಸಿನವರು ಸೇರಿದಾಗಲೆಲ್ಲ ಇವೆರಡನ್ನೂ ಹೇಳಿಕೊಂಡು ನಿಟ್ಟುಸಿರು ಬಿಡುತ್ತಾರೆ. ನನ್ನ ಅನುಭವ ಬೇರೆ. ಹಿತ್ತಲಿನಲ್ಲಿ ಅತಿ ಹೆಚ್ಚು ನಡೆಯುವುದು ಈ ಎರಡು ಹೊತ್ತಿನಲ್ಲೇ. ಕೈತೋಟ ಬೇಡುವ ಸಮಯವನ್ನು ವಯಸ್ಸು ತಾನಾಗಿಯೇ ತಂದುಕೊಡುತ್ತದೆ. ಆಷಾಢದಿಂದ ಕಾರ್ತಿಕದವರೆಗೆ ಅಲ್ಲಿ ಕೂತು ನೋಡಿದ್ದನ್ನು ಹೊತ್ತಿನ ಪ್ರಕಾರವೇ ಬರೆದಿಟ್ಟಿದ್ದೇನೆ.

ನಸುಕು

ಮೊದಲು ನೋಡುವುದು ಕೆಸುವಿನ ಎಲೆ. ಬಟ್ಟೆ ಒಗೆಯುವ ಕಲ್ಲಿನ ನೀರು ಹರಿದುಹೋಗುವ ಕಡೆ ಅದು ದಟ್ಟವಾಗಿ ಬೆಳೆದಿದೆ. ಎಲೆಯ ಚೂಪು ತುದಿಯಲ್ಲಿ ಒಂದು ಹನಿ ಕೂಡಿಕೊಳ್ಳುತ್ತದೆ, ತೂಕ ಬಂದಾಗ ಉದುರುತ್ತದೆ, ಮತ್ತೊಂದು ಕೂಡುತ್ತದೆ. ಇಬ್ಬನಿಯಾಗಿದ್ದರೆ ಎಲೆಯ ಮೇಲೆಲ್ಲ ಇರಬೇಕಿತ್ತು. ಇದು ಬೇರಿನಿಂದ ಬಂದ ನೀರು. ರಾತ್ರಿ ಎಲೆಯ ಉಸಿರುರಂಧ್ರಗಳು ಮುಚ್ಚಿರುವಾಗ ನೀರು ಆವಿಯಾಗಿ ಹೋಗುವುದಿಲ್ಲ, ಬೇರು ಮಾತ್ರ ಹೀರುತ್ತಲೇ ಇರುತ್ತದೆ. ಆ ಒತ್ತಡಕ್ಕೆ ಹೆಚ್ಚಾದ ನೀರು ಎಲೆಯ ತುದಿಯ ರಂಧ್ರದಿಂದ ಹೊರಬರುತ್ತದೆ. ಟೊಮೇಟೊ ಎಲೆಯ ಅಂಚಿನಲ್ಲೂ ಸಣ್ಣ ಹನಿಗಳ ಸಾಲು ಕಾಣುತ್ತದೆ. ಈ ಹನಿ ಕಂಡ ಬೆಳಿಗ್ಗೆ ಆ ಪಾತಿಗೆ ನೀರು ಬೇಡ ಎಂದು ನನ್ನ ಲೆಕ್ಕ. ಬಿಸಿಲು ತಾಕಿದ ಸ್ವಲ್ಪ ಹೊತ್ತಿಗೇ ಅದು ಆರಿಹೋಗುವುದರಿಂದ ತಡವಾಗಿ ಎದ್ದವರಿಗೆ ಈ ಸೂಚನೆ ಸಿಗುವುದಿಲ್ಲ.

ಅಷ್ಟರಲ್ಲಿ ಕುಂಬಳದ ಹೂ ಪೂರ್ತಿ ಅರಳಿರುತ್ತದೆ. ಬಳ್ಳಿ ಹಬ್ಬಿದ ಮೊದಲ ದಿನಗಳಲ್ಲಿ ಬರುವುದೆಲ್ಲ ಗಂಡು ಹೂವೇ, ಉದ್ದ ತೊಟ್ಟಿನ ಮೇಲೆ ನೆಟ್ಟಗೆ ನಿಂತಿರುತ್ತವೆ. ಹೆಣ್ಣು ಹೂವನ್ನು ಅರಳುವ ಮೊದಲೇ ಗುರುತಿಸಬಹುದು, ದಳಗಳ ಕೆಳಗೆ ಪುಟ್ಟ ದುಂಡನೆಯ ಮಿಡಿ ಇರುತ್ತದೆ. ತುಡುವೆ ಜೇನು ಇನ್ನೂ ಮಬ್ಬಿರುವಾಗಲೇ ಬರುತ್ತದೆ. ಗಂಡು ಹೂವಿನ ಬುಡಕ್ಕೆ ಇಳಿದು, ಮೈಯೆಲ್ಲ ಹಳದಿ ಪುಡಿ ಮಾಡಿಕೊಂಡು, ದಳದ ಅಂಚಿನಲ್ಲಿ ಕೂತು ಕಾಲಿನಿಂದ ಒರೆಸಿಕೊಂಡು, ಮುಂದಿನ ಹೂವಿಗೆ ಹಾರುತ್ತದೆ. ಮಳೆ ಹಿಡಿದ ಬೆಳಿಗ್ಗೆ ಜೇನು ಬರುವುದಿಲ್ಲ. ಆಗ ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ನಡುವಿನ ದಂಡನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ತಾಗಿಸುತ್ತೇನೆ. ಎಂಟು ಗಂಟೆಯ ಮೇಲೆ ಈ ಕೆಲಸಕ್ಕೆ ಫಲವಿಲ್ಲ, ಹೂ ಸೊರಗಲು ಶುರುವಾಗಿರುತ್ತದೆ.

ಹೊತ್ತು ಏರಿದಾಗ

ಬದನೆಯ ಸರದಿ ಬರುವುದು ಬಿಸಿಲು ಚೆನ್ನಾಗಿ ಬಿದ್ದ ಮೇಲೆ. ನಮ್ಮ ಮನೆಯಲ್ಲಿರುವುದು ಮೈಸೂರಿನದೇ ತಳಿ, ಈರನಗೆರೆ ಬದನೆ. ನೇರಳೆ ದಳಗಳ ನಡುವೆ ಹಳದಿ ಪರಾಗಕೋಶಗಳು ಒತ್ತೊತ್ತಾಗಿ ನಿಂತಿರುತ್ತವೆ. ಉಳಿದ ಅನೇಕ ಹೂಗಳಲ್ಲಿ ಪರಾಗಕೋಶ ಉದ್ದಕ್ಕೆ ಸೀಳಿ ಪುಡಿ ಹೊರಬರುತ್ತದೆ. ಬದನೆಯಲ್ಲಿ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ ಮಾತ್ರ. ಸುಮ್ಮನೆ ಬಂದು ಕೂತ ಜೇನಿಗೆ ಏನೂ ಸಿಗುವುದಿಲ್ಲ. ಒಣಮರ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿಗೆ ಇದರ ಮರ್ಮ ಗೊತ್ತು. ಅದು ಹೂವಿಗೆ ಜೋತುಬಿದ್ದು, ಕಾಲಿನಿಂದ ಪರಾಗಕೋಶಗಳನ್ನು ತಬ್ಬಿ, ರೆಕ್ಕೆ ಬಡಿಯದೆಯೇ ಹಾರುವ ಸ್ನಾಯುಗಳನ್ನು ಅದುರಿಸುತ್ತದೆ. ಹಾರುವಾಗ ಕೇಳುವ ಗುಂಯ್ ಸದ್ದು ಆ ಕ್ಷಣಕ್ಕೆ ಚೂಪಾಗುತ್ತದೆ. ಕೋಶದೊಳಗಿನ ಪುಡಿ ರಂಧ್ರದಿಂದ ಚಿಮ್ಮಿ ದುಂಬಿಯ ಹೊಟ್ಟೆಗೆ ಅಂಟುತ್ತದೆ. ಈ ಸದ್ದು ಒಮ್ಮೆ ಕಿವಿಗೆ ಬಿದ್ದರೆ ಸಾಕು, ಬೆನ್ನು ತಿರುಗಿಸಿ ಕಳೆ ಕೀಳುತ್ತಿದ್ದರೂ ಬದನೆಗೆ ದುಂಬಿ ಬಂದದ್ದು ಗೊತ್ತಾಗುತ್ತದೆ. ಬೇಲಿಯ ಒಣ ಬಿದಿರನ್ನು ನಾನು ತೆಗೆಸದೆ ಬಿಟ್ಟಿರುವುದು ಈ ದುಂಬಿಗಳಿಗಾಗಿ.

ಟೊಮೇಟೊ ಹೂವಿನ ಪರಾಗಕ್ಕೂ ಹೀಗೆ ಅದುರಾಟ ಬೇಕು, ಆದರೆ ಅದಕ್ಕೆ ಗಾಳಿಯ ಅಲುಗಾಟವೂ ಸಾಕಾಗುತ್ತದೆ. ಮೆಣಸಿನಕಾಯಿ ಹೂವಿನ ಕೋಶ ಉದ್ದಕ್ಕೆ ಸೀಳುವುದರಿಂದ ಅದಕ್ಕೆ ದುಂಬಿಯ ಹಂಗಿಲ್ಲ. ಮೂರೂ ಒಂದೇ ಕುಟುಂಬದವು. ಬದನೆ ನಮ್ಮ ಕಡೆಯದು, ಉಳಿದೆರಡು ಅಮೆರಿಕದಿಂದ ಬಂದವು. ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಓದಿದವರಿಗೆ ಆ ಪಯಣ ಗೊತ್ತೇ ಇರುತ್ತದೆ.

ಬದನೆ ಹೂ ಉದುರಿತೆಂದು ಕಂಗಾಲಾಗುವವರು ಇನ್ನೊಂದನ್ನು ಗಮನಿಸಬೇಕು. ಹೂವಿನ ನಟ್ಟನಡುವಿನ ಹಸಿರು ಶಲಾಕೆ ಹಳದಿ ಕೋಶಗಳನ್ನು ದಾಟಿ ಹೊರಗೆ ಇಣುಕಿದ್ದರೆ ಆ ಹೂ ಕಾಯಿ ಕಚ್ಚುತ್ತದೆ. ಶಲಾಕೆ ಗಿಡ್ಡವಾಗಿ ಒಳಗೇ ಹುದುಗಿದ್ದರೆ ಸಾಮಾನ್ಯವಾಗಿ ಉದುರುತ್ತದೆ. ಎರಡೂ ಬಗೆಯ ಹೂ ಒಂದೇ ಗಿಡದಲ್ಲಿ ಬರುತ್ತವೆ. ಉದುರುವುದೆಲ್ಲ ರೋಗವಲ್ಲ. ಕುಡಿ ಮಾತ್ರ ಬಾಡಿ ಜೋತುಬಿದ್ದರೆ ಅದು ಕಾಂಡಕೊರಕ. ಬಾಡಿದ್ದಕ್ಕಿಂತ ಒಂದು ಗೇಣು ಕೆಳಗೆ ಕತ್ತರಿಸಿ, ಸೀಳಿ, ಒಳಗಿರುವ ನಸುಗೆಂಪು ಹುಳುವನ್ನು ತೆಗೆದರೆ ಪಕ್ಕದಿಂದ ಹೊಸ ಕುಡಿ ಒಡೆಯುತ್ತದೆ. ಔಷಧಿ ಹೊಡೆದರೆ ಹುಳುವಿನ ಜೊತೆ ದುಂಬಿಯೂ ಹೋಗುತ್ತದೆ.

ಇಷ್ಟನ್ನೂ ಕುಕ್ಕರಗಾಲಿನಲ್ಲಿ ಕೂತು ನೋಡುವ ಶಕ್ತಿ ಮಂಡಿಗೆ ಇಲ್ಲ. ಆದ್ದರಿಂದ ಸೊಪ್ಪಿನ ಮಡಿಗಳನ್ನು ಸೊಂಟದೆತ್ತರದ ಕಟ್ಟೆಯ ಮೇಲೆ ಮಾಡಿಸಿದ್ದೇನೆ. ಹರಿವೆ, ಮೆಂತ್ಯ, ಕೊತ್ತಂಬರಿಗೆ ಒಂದು ಗೇಣು ಮಣ್ಣು ಸಾಕು. ನೆಲದ ಪಾತಿಗಳ ಹತ್ತಿರ ಎತ್ತರದ ಮಣೆ, ಹಗುರವಾದ ಚನಿಕೆ, ಅರ್ಧ ಮಾತ್ರ ತುಂಬಿದ ನೀರಿನ ಕ್ಯಾನು. ಮಣ್ಣು ಮುಟ್ಟುವವರು ಧನುರ್ವಾಯು ಚುಚ್ಚುಮದ್ದನ್ನು ಸಕಾಲಕ್ಕೆ ಹಾಕಿಸಿಕೊಂಡಿರಬೇಕು, ಈ ವಯಸ್ಸಿನಲ್ಲಿ ತೆಳುವಾದ ಚರ್ಮ ಸುಲಭವಾಗಿ ತರಚುತ್ತದೆ.

ನಡುಹಗಲು

ಬಿಸಿಲು ಜೋರಾದಾಗ ಕರಿಬೇವಿನ ನೆರಳಿಗೆ ಬರುತ್ತೇನೆ. ಇಲ್ಲಿ ನೋಡುವುದಕ್ಕೆ ಒಂದು ಹೊತ್ತು ಸಾಲದು, ವಾರಗಳೇ ಬೇಕು. ನಿಂಬೆ ಚಿಟ್ಟೆ ಎಳೆಯ ಎಲೆಯ ಮೇಲೆ ತಿಳಿ ಹಳದಿಯ ದುಂಡನೆಯ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಮೊಟ್ಟೆಯೊಡೆದು ಬಂದ ಹುಳು ಕಂದು ಕಪ್ಪು, ನಡುವೆ ಬಿಳಿ ಪಟ್ಟೆ, ನೋಡಿದರೆ ಹಕ್ಕಿಯ ಹಿಕ್ಕೆಯೇ ಎಲೆಯ ಮೇಲೆ ಬಿದ್ದಿದೆ ಅನ್ನಬೇಕು. ಹಕ್ಕಿಗಳೂ ಹಾಗೆಂದುಕೊಂಡೇ ಬಿಟ್ಟುಹೋಗುತ್ತವೆ. ಮೈ ದೊಡ್ಡದಾಗಿ ಆ ವೇಷ ಒಪ್ಪದಂತಾದಾಗ ಪೊರೆ ಕಳಚಿ ಎಲೆಹಸಿರಾಗುತ್ತದೆ. ಈ ಹಂತದಲ್ಲಿ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆಗೆಂಪಿನ ಕವಲುಕೊಂಬು ಹೊರಚಾಚಿ, ಗಾಟು ವಾಸನೆ ಬಿಟ್ಟು, ಮತ್ತೆ ಒಳಗೆ ಸೇರಿಕೊಳ್ಳುತ್ತದೆ. ಕೊನೆಗೆ ಕಡ್ಡಿಯೊಂದಕ್ಕೆ ರೇಷ್ಮೆಯೆಳೆಯಿಂದ ಸೊಂಟ ಬಿಗಿದುಕೊಂಡು ಕೋಶವಾಗುತ್ತದೆ. ಕೋಶದ ಬಣ್ಣ ಸುತ್ತಲಿನದಕ್ಕೆ ಹೊಂದಿ ಹಸಿರೋ ಕಂದೋ ಆಗಿರುತ್ತದೆ.

ದೊಡ್ಡ ಗಿಡದ ಬುಡದಲ್ಲಿ ಎದ್ದ ಕರಿಬೇವಿನ ಮರಿಗಿಡವೊಂದನ್ನು ಈ ಹುಳುಗಳಿಗೇ ಬಿಟ್ಟಿದ್ದೇನೆ. ಒಗ್ಗರಣೆಗೆ ಕೀಳುವ ಗಿಡದ ಮೇಲೆ ಹುಳು ಸಿಕ್ಕರೆ ಎಲೆಯ ಸಮೇತ ಎತ್ತಿ ಅಲ್ಲಿಗೆ ಬಿಡುತ್ತೇನೆ. ಹುಳು ಬೋಳು ಮಾಡಿದ ಕುಡಿ ಮಳೆಗಾಲದಲ್ಲಿ ಬೇಗ ಚಿಗುರುತ್ತದೆ.

ಒಗೆಯುವ ಕಲ್ಲಿನ ತಂಪಿಗೆ ಒಂದೆಲಗ ಹಬ್ಬಿದೆ. ಅದರ ಬಳ್ಳಿ ನೆಲದ ಮೇಲೆ ಹರಿಯುತ್ತಾ ಗಿಣ್ಣುಗಿಣ್ಣಿಗೆ ಬೇರು ಬಿಡುವುದರಿಂದ ಒಂದು ಹಿಡಿ ತಂದು ನೆಟ್ಟದ್ದು ವರ್ಷದೊಳಗೆ ಹಾಸಿಕೊಳ್ಳುತ್ತದೆ. ಪಕ್ಕದ ಕುಂಡದಲ್ಲಿ ದೊಡ್ಡಪತ್ರೆ. ಅದರ ದಪ್ಪ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ರೋಮಗಳ ನಡುವೆ ಎಣ್ಣೆಯ ಸಣ್ಣ ಸಣ್ಣ ಗುಳ್ಳೆಗಳು ಹೊಳೆಯುತ್ತವೆ. ಬೆರಳು ಸವರಿದೊಡನೆ ಅವು ಒಡೆದು ಘಮ ಏಳುತ್ತದೆ. ಎರಡೂ ತಂಬುಳಿಗೆ ಒಳ್ಳೆಯವು, ಊಟದ ಜೊತೆ ಹಿತ. ಆದರೆ ಮದ್ದೆಂದು ದಿನಾ ಕಷಾಯ ಕುಡಿಯುವ ಮಾತು ಬೇರೆ. ಅಮೃತಬಳ್ಳಿ ಸೇವನೆಯಿಂದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ನಮ್ಮಂಥವರು ಡಾಕ್ಟರನ್ನು ಕೇಳದೆ ಅಂಥದ್ದಕ್ಕೆ ಕೈಹಾಕಬಾರದು.

ಇಳಿಹೊತ್ತು

ಪಕ್ಕದ ಬೀದಿಯ ಹಿರಿಯರೊಬ್ಬರು ಕೇಳಿದರು: “ಏನಮ್ಮಾ, ನಮ್ಮ ಮಹಡಿ ಮೇಲಿನ ಹೀರೆ ಹಂಬಿನ ತುಂಬ ಹೂವು. ಒಂದೂ ಕಾಯಿ ಕಚ್ಚಲಿಲ್ಲ. ಏನಾದ್ರೂ ಔಷಧಿ ಹೊಡೆಯಲೇ?”

“ಔಷಧಿ ಬೇಡಿ ಸಾರ್. ಸಂಜೆ ಆರಕ್ಕೆ ಹಂಬಿನ ಹತ್ರ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ನಾನೂ ಬರ್ತೀನಿ” ಅಂದೆ.

ಹೋಗಿ ಕೂತೆವು. ಬೆಳಿಗ್ಗೆಯಿಂದ ಮುಚ್ಚಿದ್ದ ಮೊಗ್ಗುಗಳು ಬಿಸಿಲು ಇಳಿದಂತೆ ಸಡಿಲಾದವು. ದಳದ ಅಂಚು ಬಿಟ್ಟುಕೊಂಡು, ಒಂದೊಂದೇ ಹಿಂದಕ್ಕೆ ಬಾಗಿ, ನೋಡುತ್ತಿದ್ದಂತೆ ಹಳದಿ ಹೂ ಅಗಲವಾಯಿತು. ಗಂಡು ಹೂಗಳು ಒಂದೇ ದಂಟಿನ ಮೇಲೆ ಗೊಂಚಲಾಗಿ, ಹೆಣ್ಣು ಹೂ ಒಂಟಿಯಾಗಿ, ಕೆಳಗೆ ಗೆರೆಗೆರೆಯ ಪೀಚು. ಸುತ್ತ ಗಿಡಮರಗಳಿಲ್ಲದ ಆ ಮಹಡಿಗೆ ಕತ್ತಲಾಗುವವರೆಗೂ ಒಂದು ಪತಂಗವೂ ಬರಲಿಲ್ಲ. ಕಾಯಿ ಕಚ್ಚದ ಕಾರಣ ಅಲ್ಲೇ ಇತ್ತು. ಗಂಡು ಹೂ ಕಿತ್ತು ತಾಗಿಸುವುದನ್ನು ಅವರಿಗೆ ತೋರಿಸಿದೆ. ಪರಾಗ ಸೇರಿದ ಪೀಚು ಎರಡು ಮೂರು ದಿನದಲ್ಲಿ ಹಸಿರೇರಿ ಉದ್ದವಾಗುತ್ತದೆ, ಸೇರದ್ದು ಹಳದಿಯಾಗಿ ಸುಕ್ಕುತ್ತದೆ. ಈಗ ಅವರು ದಿನಾ ಸಂಜೆ ಮಹಡಿಯ ಮೇಲೆ ಇರುತ್ತಾರೆ.

ನಮ್ಮ ಹಿತ್ತಲಿನಲ್ಲಿ ಹೀರೆಯ ಬೆನ್ನಿಗೇ ಸೋರೆ ಅರಳುತ್ತದೆ. ಅದರ ಬಿಳಿ ದಳ ಬೆಳಕು ಕಡಿಮೆಯಾದಷ್ಟೂ ಎದ್ದು ಕಾಣುತ್ತದೆ. ದಪ್ಪ ಮೈಯ ಪತಂಗವೊಂದು ಬಂದು, ಹೂವಿನ ಮೇಲೆ ಕೂರದೆ ಗಾಳಿಯಲ್ಲೇ ನಿಂತು, ಸುರುಳಿ ಬಿಚ್ಚಿದ ಉದ್ದ ಸೊಂಡಿಲನ್ನು ಒಳಗಿಳಿಸುತ್ತದೆ. ಕತ್ತಲು ಕವಿದ ಮೇಲೆ ಪಡವಲ. ದಳದ ಅಂಚಿನಿಂದ ಶಾವಿಗೆಯಂಥ ಬಿಳಿ ಎಳೆಗಳು ಸುರುಳಿ ಬಿಚ್ಚಿಕೊಂಡು ಸುತ್ತಲೂ ಹರಡುತ್ತವೆ. ಬೆಳಿಗ್ಗೆ ನೋಡಿದವರಿಗೆ ಸಿಗುವುದು ಅದರ ಮುದುಡಿದ ರೂಪವಷ್ಟೆ. ಮಳೆ ಬಿದ್ದ ರಾತ್ರಿ ಟಾರ್ಚು ಹಿಡಿದು ಇನ್ನೊಂದು ಸುತ್ತು ಬರುತ್ತೇನೆ. ದೊಡ್ಡ ಆಫ್ರಿಕದ ಬಸವನಹುಳುಗಳು ಎಳೆ ಸಸಿ ಮೇಯಲು ಹೊರಬರುವುದು ಆಗಲೇ. ಕೈಗವಸು ಹಾಕಿಕೊಂಡು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಹಗಲು ಅಳಿದುಳಿದದ್ದನ್ನು ಕೆಂಬೂತ ಬೇಲಿಸಂದಿಯಲ್ಲಿ ಹುಡುಕಿ ತಿನ್ನುತ್ತದೆ.

ವರ್ಷದ ಹೊತ್ತು

ದಿನದ ಹೊತ್ತನ್ನು ಮೀರಿದ ಇನ್ನೊಂದು ಲೆಕ್ಕ ಅವರೆಯದು. ನಾಟಿ ಅವರೆಯನ್ನು ಆಷಾಢದಲ್ಲಿ ಊರಿದರೆ ಶ್ರಾವಣ, ಭಾದ್ರಪದವೆಲ್ಲ ಬರೀ ಹಂಬು, ಬರೀ ಸೊಪ್ಪು. ಎಷ್ಟು ಗೊಬ್ಬರ ಕೊಟ್ಟರೂ ಹೂವಿಲ್ಲ. ಅದು ಬಿತ್ತಿದ ದಿನದಿಂದ ಎಣಿಸುವುದಿಲ್ಲ, ರಾತ್ರಿಯ ಉದ್ದವನ್ನು ಅಳೆಯುತ್ತದೆ. ಮೈಸೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಅದರಲ್ಲೂ ಒಂದು ಭಾಗದಷ್ಟೇ ಬದಲಾವಣೆಯನ್ನು ಎಲೆ ಗುರುತು ಹಿಡಿಯುತ್ತದೆ. ದಸರಾ ದಾಟಿ ಇರುಳು ದೊಡ್ಡದಾದಂತೆ ಹಂಬಿನ ತುದಿಯಲ್ಲಿ ಹೂದಂಟು ಮೇಲೇಳುತ್ತದೆ. ಇಬ್ಬನಿ ಬೀಳುವ ದಿನಗಳಲ್ಲಿ ಕಾಯಿ ತುಂಬಿ, ಸಿಪ್ಪೆಯ ಮೇಲಿನ ಎಣ್ಣೆಯಂಥ ಪದಾರ್ಥದಿಂದ ಸೊಗಡು ಬರುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ರೂಪಿಸಿದ ಎಚ್.ಎ.-3, ಎಚ್.ಎ.-4 ತಳಿಗಳಿಗೆ ಈ ಕಟ್ಟಳೆಯಿಲ್ಲ, ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ. ಬಾಣಲೆಗೆ ಅವು ಉಪಕಾರಿ. ಕೂತು ನೋಡುವವರಿಗೆ ಹಳೆಯ ನಾಟಿಯೇ ಬೇಕು.

ಏಕೆಂದರೆ ನಾಟಿ ಅವರೆಯನ್ನು ಒಂದೆರಡು ತಿಂಗಳು ತಡವಾಗಿ ಊರಿ ನೋಡಿದ್ದೇನೆ. ಹಂಬು ಗಿಡ್ಡ, ಕಾಯಿ ಕಡಿಮೆ. ಹೂ ಮಾತ್ರ ಮೊದಲು ಊರಿದ್ದರ ಜೊತೆಜೊತೆಗೇ, ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಬಂತು. ಮೊದಲು ಹೊರಟದ್ದು, ಆಮೇಲೆ ಹೊರಟದ್ದು ಎಂಬ ಭೇದವನ್ನು ಇರುಳು ಮಾಡಲಿಲ್ಲ. ಅರವತ್ತೈದಾಯಿತು, ಎಪ್ಪತ್ತಾಯಿತು, ಇನ್ನು ಗಿಡ ಹಾಕಿ ಏನು ಮಾಡುವುದು ಎನ್ನುವವರಿಗೆ ನಾನು ತೋರಿಸುವುದು ಈ ಎರಡು ಹಂಬುಗಳನ್ನೇ.

ಶುರು ಮಾಡುವವರಿಗೆ ನನ್ನ ಸಲಹೆ ಇಷ್ಟು. ಹತ್ತು ಬಗೆ ಬೇಡ, ಎರಡು ಬಳ್ಳಿ ಸಾಕು. ನಸುಕಿಗೆ ಒಂದು ಹಾಗಲ, ಸಂಜೆಗೆ ಒಂದು ಹೀರೆ. ಎರಡಕ್ಕೂ ಅಗಲ ಬಾಯಿಯ ದೊಡ್ಡ ಕುಂಡ, ಕೊಳೆತ ಸಗಣಿಗೊಬ್ಬರ, ಹಬ್ಬಲು ನಾಲ್ಕು ಕಡ್ಡಿ ಮತ್ತು ಹಗ್ಗ. ಬೀಜವನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ ಊರಬೇಕು. ಪಕ್ಕದಲ್ಲಿ ಒಂದು ಕುರ್ಚಿ ಕಡ್ಡಾಯ. ಹಾಗಲ ಅರಳುವುದನ್ನು ಕಾಫಿ ಕುಡಿಯುತ್ತಾ ನೋಡಿ, ಹೀರೆ ಅರಳುವುದನ್ನು ದೀಪ ಹಚ್ಚುವ ಮೊದಲು ನೋಡಿ. ಕಾಯಿ ಪಲ್ಯಕ್ಕಾಗುವಷ್ಟರಲ್ಲಿ ನಿಮ್ಮ ದಿನದ ಎರಡೂ ತುದಿಗೆ ಕೆಲಸ ಸಿಕ್ಕಿರುತ್ತದೆ.