ಸೈನಿಕರ ವಾರ್ಧಕ್ಯ ಮತ್ತು ಮುಂಬೈಯ ಸ್ವಯಂಸೇವಕರು

ಮೊದಲನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡು ಹಿಂದಿರುಗಿದ ಭಾರತೀಯ ಸೈನಿಕರಿಗೆ ಪಿಂಚಣಿಯೊಂದೇ ಸಾಲದು, ಹೊಸ ಕಸುಬೊಂದನ್ನೂ ಕಲಿಸಬೇಕು ಎಂಬ ಉದ್ದೇಶದಿಂದ ಆಗಿನ ಗವರ್ನರರ ಪತ್ನಿ ಲೇಡಿ ವಿಲಿಂಗ್ಡನ್ 1917ರಲ್ಲಿ ಮುಂಬೈಯಲ್ಲಿ ಕ್ವೀನ್ ಮೇರೀಸ್ ಟೆಕ್ನಿಕಲ್ ಸ್ಕೂಲನ್ನು ಆರಂಭಿಸಿದರು. ಕೆಲವು ವರ್ಷಗಳ ಬಳಿಕ ಅದು ಪುಣೆಯ ಖಡಕಿಗೆ ಸ್ಥಳಾಂತರಗೊಂಡಿತು. ಇಂದು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯವೆಂದು ಹೆಸರಾಗಿರುವ ಗುಮ್ಮಟದ ಕಟ್ಟಡವೂ ಆ ಯುದ್ಧದ ಕಾಲದಲ್ಲಿ ಸೈನಿಕ ಆಸ್ಪತ್ರೆಯಾಗಿ ಬಳಕೆಯಾಗಿತ್ತು. ಗಾಯಗೊಂಡ ತರುಣ ಸೈನಿಕನ ಬಗ್ಗೆ ಇಷ್ಟು ಹಿಂದೆಯೇ ಯೋಚಿಸಿದ ನಗರಕ್ಕೆ, ಅದೇ ಸೈನಿಕ ಎಂಬತ್ತರ ವಯಸ್ಸಿನಲ್ಲಿ ಯಾರ ಆರೈಕೆಯಲ್ಲಿ ಇರುತ್ತಾನೆ ಎಂಬ ಪ್ರಶ್ನೆ ಬಹುಕಾಲ ಎದುರಾಗಲೇ ಇಲ್ಲ.

ಯುರೋಪಿನಲ್ಲಿ ಈ ಪ್ರಶ್ನೆ ಹಳೆಯದು. ವೃದ್ಧರೂ ಅಂಗವಿಕಲರೂ ಆದ ಸೈನಿಕರಿಗಾಗಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ 1670ರಲ್ಲಿ ಪ್ಯಾರಿಸ್ಸಿನ ಇನ್ವಾಲೀದ್ ಭವನವನ್ನೂ, ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ 1682ರಲ್ಲಿ ಚೆಲ್ಸೀಯ ರಾಯಲ್ ಹಾಸ್ಪಿಟಲನ್ನೂ ಸ್ಥಾಪಿಸಿದರು. ಭಾರತದಲ್ಲಿ ಮಾತ್ರ ಸೈನಿಕ ಊರಿಗೆ ಮರಳುತ್ತಾನೆ, ಪಿಂಚಣಿ ಬರುತ್ತದೆ, ಮಕ್ಕಳು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆಯೇ ವ್ಯವಸ್ಥೆ ನಿಂತಿತು. ಸಾಮಾನ್ಯ ಸಿಪಾಯಿ ನಲವತ್ತರ ಆಸುಪಾಸಿನಲ್ಲೇ ನಿವೃತ್ತನಾಗುವುದರಿಂದ ಅವನ ನಿವೃತ್ತ ಜೀವನ ಸೇವಾವಧಿಗಿಂತ ದೀರ್ಘವಾಗಿರುತ್ತದೆ. 1971ರ ಯುದ್ಧದಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತೈದರ ಹತ್ತಿರದಲ್ಲಿದ್ದಾರೆ, 1962ರಲ್ಲಿ ಹೋರಾಡಿದವರು ಎಂಬತ್ತನ್ನು ದಾಟಿದ್ದಾರೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಮೂರು ತಲೆಮಾರು ಬದುಕುವ, ಅಥವಾ ಮಕ್ಕಳು ವಿದೇಶಕ್ಕೆ ಹೋಗಿ ಫ್ಲ್ಯಾಟಿನಲ್ಲಿ ವೃದ್ಧರಿಬ್ಬರೇ ಉಳಿಯುವ ಮುಂಬೈಯಲ್ಲಿ ಆ ನಂಬಿಕೆ ಸಡಿಲವಾಗಿರುವುದು ಸಹಜ.

ಸೈನಿಕರಿಗೆಂದೇ ಇರುವ ದೀರ್ಘಕಾಲೀನ ಆರೈಕೆಯ ಮನೆಯನ್ನು ನೋಡಬಯಸುವವರು ಮತ್ತೆ ಖಡಕಿಗೇ ಹೋಗಬೇಕಾಗುತ್ತದೆ. ಅಲ್ಲಿರುವ ಪ್ಯಾರಾಪ್ಲೆಜಿಕ್ ರಿಹ್ಯಾಬಿಲಿಟೇಶನ್ ಸೆಂಟರ್, ಬೆನ್ನುಹುರಿಗೆ ಪೆಟ್ಟುಬಿದ್ದು ಸೊಂಟದ ಕೆಳಗೆ ಅಥವಾ ಕುತ್ತಿಗೆಯ ಕೆಳಗೆ ಸ್ವಾಧೀನ ತಪ್ಪಿದ ಸೈನಿಕರು ವರ್ಷಗಟ್ಟಲೆ ನೆಲೆಸುವ ಸಂಸ್ಥೆ. ಇಂಥ ದೇಹಕ್ಕೆ ವಯಸ್ಸಾಗುವ ಬಗೆಯೇ ಬೇರೆ: ನೋವಿನ ಅರಿವಿಲ್ಲದ ಚರ್ಮದಲ್ಲಿ, ಒಂದೇ ಮಗ್ಗುಲಿನ ಒತ್ತಡದಿಂದ ಹಾಸಿಗೆಹುಣ್ಣು ಏಳುತ್ತದೆ, ಮೂತ್ರದ ಸೋಂಕು ಪದೇಪದೇ ಮರುಕಳಿಸುತ್ತದೆ, ಗಾಲಿಕುರ್ಚಿಯನ್ನು ದಶಕಗಳ ಕಾಲ ತಳ್ಳಿದ ಭುಜಗಳು ಸವೆಯುತ್ತವೆ. ಇದೆಲ್ಲ ತರಬೇತಾದ ಶುಶ್ರೂಷಕರ ಕೆಲಸ, ಸ್ವಯಂಸೇವಕರು ಕೈಹಾಕಬೇಕಾದ್ದಲ್ಲ. ಅವರಿಗೆ ಉಳಿಯುವುದು ದಿನದ ಖಾಲಿ ಹೊತ್ತು, ಮತ್ತು ಅದು ಸಣ್ಣದಲ್ಲ.

ಮುಂಬೈ ಪಶ್ಚಿಮ ನೌಕಾ ಕಮಾಂಡಿನ ನೆಲೆಯಾದ್ದರಿಂದ ಇಲ್ಲಿನ ವೃದ್ಧ ಯೋಧರಲ್ಲಿ ನಾವಿಕರೂ ಇರುವುದು ಸಹಜ. ಕೊಲಾಬಾದ ಅಶ್ವಿನಿ ನೌಕಾ ಆಸ್ಪತ್ರೆ ಮತ್ತು 2003ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ, ಅಂದರೆ ಒಮ್ಮೆ ವಂತಿಗೆ ಕಟ್ಟಿ ಆಜೀವ ಚಿಕಿತ್ಸೆ ಪಡೆಯುವ ಇಸಿಎಚ್ಎಸ್, ಇವರ ಕಾಯಿಲೆಗೆ ಆಸರೆ. ಒಂಟಿತನಕ್ಕೆ ಆಸರೆ ಬೇರೆ ಕಡೆಯಿಂದ ಬರಬೇಕು. ಎಲ್ಲರಿಗೂ ತೆರೆದಿರುವ ಸಾಮಾನ್ಯ ವೃದ್ಧಾಶ್ರಮದಲ್ಲಿ ಹಳೆಯ ನಾವಿಕನೊಬ್ಬ ಗಿರಣಿ ಕಾರ್ಮಿಕನ ಪಕ್ಕದ ಮಂಚದಲ್ಲಿರಬಹುದು. ಅವನು ಸೈನ್ಯದಲ್ಲಿದ್ದವನೆಂಬುದು ಕೇಳುವವರಿಲ್ಲದೆ ತಿಳಿಯದೆಯೇ ಉಳಿಯಬಹುದು. 1995ರಲ್ಲಿ ಮುಂಬೈಯಲ್ಲಿ ಹುಟ್ಟಿದ ಡಿಗ್ನಿಟಿ ಫೌಂಡೇಶನ್‌ನಂಥ ಸಂಸ್ಥೆಗಳು ವೃದ್ಧರ ಒಡನಾಟವನ್ನೇ ಒಂದು ಸೇವೆಯೆಂದು ಪರಿಗಣಿಸಿದ್ದು ಈ ಕಾರಣಕ್ಕೆ ಮುಖ್ಯವಾಗುತ್ತದೆ.

ಕೇಳುವುದಕ್ಕೂ ಒಂದು ಶಾಸ್ತ್ರವಿದೆ. ವೃದ್ಧರು ಹಳೆಯದನ್ನು ಮತ್ತೆ ಮತ್ತೆ ಹೇಳುವುದು ಅರಳುಮರುಳಲ್ಲ, ಬದುಕಿನ ಲೆಕ್ಕವನ್ನು ತಾವೇ ಒಪ್ಪಮಾಡಿಕೊಳ್ಳುವ ಸಹಜ ಕ್ರಿಯೆ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ವಾದಿಸಿ, ಅದನ್ನು ಜೀವನಾವಲೋಕನ ಎಂದು ಕರೆದರು. ಈ ಮಾತಿಗೆ ಹೊಂದುವ ಪ್ರಯೋಗವೊಂದು 2013ರಲ್ಲಿ ಅಲ್ಲಿನ ಮ್ಯಾಡಿಸನ್ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಆರಂಭವಾಯಿತು: ಯೋಧರನ್ನು ಮಾತನಾಡಿಸಿ ಅವರ ಬದುಕಿನ ಕಥೆಯನ್ನು ಚಿಕ್ಕದಾಗಿ ಬರೆದು, ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆದ ಮೇಲೆ ವೈದ್ಯಕೀಯ ದಾಖಲೆಗೇ ಸೇರಿಸುವುದು, ಇದರಿಂದ ಹೊಸ ವೈದ್ಯನಿಗೆ ರೋಗದ ಜೊತೆಗೆ ಮನುಷ್ಯನ ಪರಿಚಯವೂ ಆಗುವುದು. ಕಾಗದ, ಪೆನ್ನು, ತಾಳ್ಮೆಗಳಷ್ಟನ್ನೇ ಬೇಡುವ ಈ ಪದ್ಧತಿ ಮುಂಬೈಯ ಯಾವ ವೃದ್ಧಾಶ್ರಮಕ್ಕೂ ದುಬಾರಿಯಲ್ಲ. ಯುದ್ಧದ ಕಥೆಯನ್ನು ಒತ್ತಾಯಿಸಿ ಹೊರಡಿಸಬಾರದೆಂಬ ಎಚ್ಚರ ಮಾತ್ರ ಬೇಕು. ತರಬೇತಿಯ ದಿನಗಳು, ಪಲ್ಟನ್ನಿನ ಊಟ, ರಜೆಯ ರೈಲುಪ್ರಯಾಣ ಇವುಗಳಿಂದ ಮಾತು ಶುರುವಾದರೆ ಉಳಿದದ್ದನ್ನು ಹೇಳುವುದೂ ಬಿಡುವುದೂ ಅವರ ಇಷ್ಟ. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಬೆಳಗಾವಿಯಲ್ಲಿ ಇರುವುದರಿಂದ, ಮಹಾರಾಷ್ಟ್ರದ ಹಳೆಯ ಸಿಪಾಯಿಯೊಡನೆ ಮಾತಿಗೆ ಕೂರುವ ಕನ್ನಡಿಗನಿಗೆ ಆ ಊರೇ ಒಳ್ಳೆಯ ಪೀಠಿಕೆಯಾದೀತು. ಫಿರಂಗಿ ಮತ್ತು ಎಂಜಿನ್ ಕೋಣೆಗಳ ಸದ್ದಿನಲ್ಲಿ ದುಡಿದವರ ಕಿವಿ ಮಂದವಾಗಿರುವುದುಂಟು, ಆದ್ದರಿಂದ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಮಾತನಾಡುವುದು ಕಿರುಚುವುದಕ್ಕಿಂತ ಫಲಕಾರಿ.

ಕಾಗದಪತ್ರದ ನೆರವೂ ಕಡಿಮೆಯದಲ್ಲ. ಪಿಂಚಣಿದಾರ ಬದುಕಿದ್ದಾನೆಂದು ವರ್ಷಕ್ಕೊಮ್ಮೆ ದೃಢಪಡಿಸುವ ಜೀವಿತ ಪ್ರಮಾಣಪತ್ರವನ್ನು 2014ರಿಂದ ಡಿಜಿಟಲ್ ರೂಪದಲ್ಲೂ ಸಲ್ಲಿಸಬಹುದು. ಆದರೆ ಸವೆದ ಬೆರಳಚ್ಚು, ಬದಲಾದ ಮೊಬೈಲ್ ನಂಬರುಗಳ ನಡುವೆ ವೃದ್ಧರೊಬ್ಬರೇ ಅದನ್ನು ಮುಗಿಸುವುದು ಕಷ್ಟ. ಹದಿನೈದು ವರ್ಷದ ಸೇವೆ ಪೂರೈಸದೆ ಪಿಂಚಣಿಯಿಂದ ವಂಚಿತರಾದ, 65 ದಾಟಿದ ಬಡ ಮಾಜಿ ಸೈನಿಕರಿಗೆ ದೊರೆಯುವ ಸಹಾಯಧನವನ್ನು ಕೇಂದ್ರ ಸರ್ಕಾರ 2025ರ ನವೆಂಬರಿನಿಂದ ತಿಂಗಳಿಗೆ 4,000 ರೂಪಾಯಿಯಿಂದ 8,000ಕ್ಕೆ ಏರಿಸಿದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಇದಕ್ಕೆ ಅರ್ಜಿ ಹಾಕಿಸಿಕೊಡುವ ಸ್ವಯಂಸೇವಕ, ಹಣ್ಣಿನ ಬುಟ್ಟಿ ತರುವವನಿಗಿಂತ ಹೆಚ್ಚಿನ ಉಪಕಾರ ಮಾಡಿದಂತೆ.

ಕೊರತೆ ಇರುವುದು ಉತ್ಸಾಹದಲ್ಲಲ್ಲ, ನಿಯಮಿತತೆಯಲ್ಲಿ. ಎರಡು ವರ್ಷಗಳಲ್ಲಿ 240 ಗಂಟೆ ತುಂಬಿಸಬೇಕಾದ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಒಂದು ದಿನ ಗುಂಪಾಗಿ ಬಂದು, ಹಾಡಿ, ಫೋಟೊ ತೆಗೆಸಿಕೊಂಡು ಹೋಗುವುದರಿಂದ ಆಶ್ರಮದವರಿಗೆ ಗದ್ದಲವಾಗುತ್ತದೆಯೇ ವಿನಾ ಪರಿಚಯ ಬೆಳೆಯುವುದಿಲ್ಲ. ಅದೇ ಗಂಟೆಗಳನ್ನು ಒಬ್ಬ ವಿದ್ಯಾರ್ಥಿ ಒಬ್ಬ ವೃದ್ಧರೊಡನೆ ವಾರಕ್ಕೊಮ್ಮೆಯಂತೆ ಕಳೆದರೆ ಫಲವೇ ಬೇರೆ. ಮುಂಬೈಯಲ್ಲಿ ಭಾನುವಾರವನ್ನೇ ನೆಚ್ಚಿಕೊಂಡವರಿಗೆ ಲೋಕಲ್ ರೈಲಿನ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗಾಗಿ ಕೆಲವು ಗಂಟೆ ಸಂಚಾರ ನಿಲ್ಲಿಸುವ ಕ್ರಮ, ಅಡ್ಡಬರುವುದೂ ಉಂಟು. ಹೀಗಾಗಿ ವಾರದ ದಿನಗಳ ಮಧ್ಯಾಹ್ನ ಬಿಡುವಿರುವ ಅರವತ್ತು ದಾಟಿದ ಆರೋಗ್ಯವಂತ ನಿವೃತ್ತರು, ಮಾಟುಂಗದ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಷನ್‌ಗಳಂಥ ಕಡೆ ಕಾರ್ಯಕ್ರಮ ತಪ್ಪಿಸದ ಹಿರಿಯರೂ ಸೇರಿದಂತೆ, ಈ ಕೆಲಸಕ್ಕೆ ಕಾಲೇಜು ಹುಡುಗರಿಗಿಂತ ಹೆಚ್ಚು ಒಗ್ಗುವವರು. ಆಶ್ರಮದ ಮೇಲ್ವಿಚಾರಕರನ್ನು ಮೊದಲು ಕಂಡು, ಯಾವ ವಾರ, ಯಾವ ಹೊತ್ತು, ಯಾರ ಬಳಿ ಎಂಬುದನ್ನು ಗೊತ್ತುಮಾಡಿಕೊಂಡೇ ಅವರು ಆರಂಭಿಸುವುದು ಒಳಿತು.