‘ಫಿಟ್‌ನೆಸ್ ಸಿಗಲಿಲ್ಲ’ ಎಂದಾಗ: ತೂಕ ಇಳಿಸುವ ಆಪರೇಷನ್ನಿಗೆ ಉಸಿರಿನ ತಯಾರಿ

ಬೊಜ್ಜಿನಿಂದ ಬಳಲಿ, ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಹೋದವರಿಗೆ ಕೆಲವೊಮ್ಮೆ ಅರಿವಳಿಕೆ ತಜ್ಞರ ಕೋಣೆಯಲ್ಲಿ ತಡೆ ಬೀಳುತ್ತದೆ. ‘ಉಸಿರಿನ ಟೆಸ್ಟ್ ಸರಿ ಬಂದಿಲ್ಲ, ಸದ್ಯಕ್ಕೆ ಫಿಟ್‌ನೆಸ್ ಕೊಡಲಾಗದು’ ಎಂಬ ಮಾತು ಕೇಳಿ ಮನೆಗೆ ಬಂದರೆ ನೆಂಟರು, ನೆರೆಯವರ ಸಲಹೆಗಳು ಶುರು: ಬಲೂನ್ ಊದಿ, ಇನ್‌ಹೇಲರ್ ಮುಟ್ಟಬೇಡಿ, ಸುಮ್ಮನೆ ಮಲಗಿ ವಿಶ್ರಾಂತಿ ತೆಗೆದುಕೊಳ್ಳಿ. ಇವುಗಳಲ್ಲಿ ಕೆಲವು ನಿಷ್ಪ್ರಯೋಜಕ, ಕೆಲವು ಅಪಾಯಕಾರಿ.

ತಪ್ಪು ಕಲ್ಪನೆ 1: ದಪ್ಪಗಿರುವವರ ಶ್ವಾಸಕೋಶ ಚಿಕ್ಕದಾಗಿರುತ್ತದೆ, ಅದನ್ನು ದೊಡ್ಡದು ಮಾಡಿಕೊಳ್ಳಬೇಕು.

ಸತ್ಯ: ವಯಸ್ಕರ ಶ್ವಾಸಕೋಶದ ಗಾತ್ರ ಮುಖ್ಯವಾಗಿ ಎತ್ತರ, ವಯಸ್ಸು ಮತ್ತು ಲಿಂಗವನ್ನು ಅವಲಂಬಿಸಿದೆ. ಲಂಡನ್ನಿನ ವೈದ್ಯ ಜಾನ್ ಹಚಿನ್‌ಸನ್ ತಮ್ಮ ಸ್ಪೈರೋಮೀಟರಿನಿಂದ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನು ಅಳೆದು, ಎತ್ತರಕ್ಕೂ ಉಸಿರಿನ ಸಾಮರ್ಥ್ಯಕ್ಕೂ ಇರುವ ನಂಟನ್ನು 1846ರಲ್ಲೇ ತೋರಿಸಿದ್ದರು.

ಬೊಜ್ಜು ಮಾಡುವ ತೊಂದರೆ ಬೇರೆ. ಹೊಟ್ಟೆಯ ಕೊಬ್ಬು ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಿನ ಸ್ನಾಯು) ಮೇಲಕ್ಕೆ ಒತ್ತುತ್ತದೆ, ಎದೆಯ ಮೇಲಿನ ಭಾರ ಪಕ್ಕೆಲುಬುಗಳನ್ನು ಸಲೀಸಾಗಿ ಅರಳಗೊಡುವುದಿಲ್ಲ. ಹೀಗಾಗಿ ಸಹಜವಾಗಿ ಉಸಿರು ಬಿಟ್ಟ ಮೇಲೆ ಎದೆಯೊಳಗೆ ಉಳಿಯುವ ಗಾಳಿ ಕಡಿಮೆಯಾಗುತ್ತದೆ. ಅರಿವಳಿಕೆ ಕೊಟ್ಟು ಗಂಟಲಿಗೆ ಕೊಳವೆ ಇಳಿಸುವ ಹೊತ್ತಿನಲ್ಲಿ ರೋಗಿ ತಾನಾಗಿ ಉಸಿರಾಡುವುದಿಲ್ಲ. ಆಗ ಆಧಾರವಾಗುವುದು ಈ ಉಳಿಕೆಯ ಗಾಳಿಯೇ. ಅದು ಕಡಿಮೆಯಿದ್ದರೆ ರಕ್ತದ ಆಮ್ಲಜನಕ ಬೇಗ ಕುಸಿಯುತ್ತದೆ. ಲ್ಯಾಪರೋಸ್ಕೋಪಿಗಾಗಿ ಹೊಟ್ಟೆಗೆ ತುಂಬುವ ಕಾರ್ಬನ್ ಡೈಆಕ್ಸೈಡ್ ವಪೆಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ವೈದ್ಯರು ಹಿಂಜರಿಯುವುದು ಇದಕ್ಕಾಗಿ. ತಯಾರಿಯ ಗುರಿ ಶ್ವಾಸಕೋಶವನ್ನು ಬೆಳೆಸುವುದಲ್ಲ. ಉಸಿರಿನ ಸ್ನಾಯುಗಳಿಗೆ ಬಲ ಕೊಡುವುದು, ಶ್ವಾಸನಾಳಗಳನ್ನು ತೆರೆದಿಡುವುದು, ಹೊಟ್ಟೆಯ ಒತ್ತಡ ತಗ್ಗಿಸುವುದು.

ತಪ್ಪು ಕಲ್ಪನೆ 2: ಪಿಎಫ್‌ಟಿಯಲ್ಲಿ (ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಉಸಿರಿನ ಟೆಸ್ಟ್) ಫೇಲಾದರೆ ಆಪರೇಷನ್ ಆಸೆ ಬಿಟ್ಟಂತೆಯೇ.

ಸತ್ಯ: ಇದರಲ್ಲಿ ಪಾಸು-ಫೇಲು ಇಲ್ಲ. ಶಸ್ತ್ರಚಿಕಿತ್ಸೆಯ ಅರ್ಹತೆಗೆ ಮೊದಲ ಲೆಕ್ಕ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ. ಅಮೆರಿಕದ ಹಾಗೂ ಅಂತರರಾಷ್ಟ್ರೀಯ ಬೇರಿಯಾಟ್ರಿಕ್ ಸರ್ಜನ್ನರ ಸಂಘಗಳು 2022ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಬಿಎಂಐ 35 ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ ಶಸ್ತ್ರಚಿಕಿತ್ಸೆ ಸೂಚಿಸಬಹುದು, ಏಷ್ಯಾದವರಿಗೆ 27.5ರಿಂದಲೇ ಪರಿಗಣಿಸಬಹುದು. ಶ್ವಾಸಕೋಶಕ್ಕೆ ಹಾಗೆ ಎಲ್ಲರಿಗೂ ಅನ್ವಯಿಸುವ ಒಂದು ಅಂಕಿ ಇಲ್ಲ. ಪಿಎಫ್‌ಟಿ, ಆಮ್ಲಜನಕದ ಮಟ್ಟ, ನಡೆಯುವ ಶಕ್ತಿ, ನಿದ್ದೆ, ಹೃದಯ ಎಲ್ಲವನ್ನೂ ಒಟ್ಟಿಗೆ ನೋಡಿ ತೀರ್ಮಾನಿಸುತ್ತಾರೆ. ಹತೋಟಿಗೆ ಬಾರದ ಆಸ್ತಮಾ, ಎದೆಯ ಸೋಂಕು, ಚಿಕಿತ್ಸೆಯಾಗದ ನಿದ್ರಾ ಉಸಿರುಗಟ್ಟುವಿಕೆ ಇಂಥವು ತಡೆಯಾಗಿದ್ದರೆ ಅವನ್ನು ಸರಿಪಡಿಸಿಕೊಂಡು ಮತ್ತೆ ಹೋಗಬಹುದು. ‘ಈಗ ಬೇಡ’ ಎಂದರೆ ‘ಎಂದೂ ಬೇಡ’ ಎಂದಲ್ಲ.

ತಪ್ಪು ಕಲ್ಪನೆ 3: ಉಸಿರಿನ ವ್ಯಾಯಾಮಕ್ಕೆ ಕೊಡುವ ಮೂರು ಚೆಂಡಿನ ಉಪಕರಣವನ್ನು ಜೋರಾಗಿ ಊದಬೇಕು.

ಸತ್ಯ: ಊದುವುದಲ್ಲ, ಎಳೆಯುವುದು. ನೆಟ್ಟಗೆ ಕುಳಿತು, ಪೂರ್ತಿ ಉಸಿರು ಬಿಟ್ಟು, ಕೊಳವೆಯನ್ನು ತುಟಿಯಿಂದ ಬಿಗಿಹಿಡಿದು ನಿಧಾನವಾಗಿ ಒಳಗೆಳೆದುಕೊಳ್ಳಿ. ಮೂರೂ ಚೆಂಡನ್ನು ಒಮ್ಮೆಲೇ ಎಗರಿಸುವುದು ಸಾಧನೆಯಲ್ಲ. ಒಂದೆರಡು ಚೆಂಡು ಮೂರು ಸೆಕೆಂಡಾದರೂ ಮೇಲೆ ನಿಂತರೆ ಗಾಳಿ ಶ್ವಾಸಕೋಶದ ತಳದವರೆಗೆ ಇಳಿಯುತ್ತದೆ. ತಲೆಸುತ್ತು ಬಂದರೆ ನಿಲ್ಲಿಸಿ. ಇದೊಂದನ್ನೇ ನೆಚ್ಚಿಕೊಂಡರೂ ಸಾಲದು. ಒಳ ಉಸಿರಿಗೆ ಪ್ರತಿರೋಧ ಒಡ್ಡುವ ಸಾಧನದಿಂದ ಫಿಸಿಯೋಥೆರಪಿಸ್ಟ್ ಮಾಡಿಸುವ ಸ್ನಾಯು ತರಬೇತಿ, ಹೃದಯ ಮತ್ತು ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗಳ ಬಳಿಕ ನ್ಯುಮೋನಿಯಾ ಕಡಿಮೆ ಮಾಡುತ್ತದೆಂದು ಅಧ್ಯಯನಗಳ ಪರಾಮರ್ಶೆ ಕಂಡುಕೊಂಡಿದೆ.

ತಪ್ಪು ಕಲ್ಪನೆ 4: ಗೊರಕೆ ಎಂದರೆ ಗಾಢ ನಿದ್ದೆ.

ಸತ್ಯ: ಜೋರು ಗೊರಕೆ, ನಡುವೆ ಉಸಿರು ನಿಂತಂತಾಗಿ ಬೆಚ್ಚಿಬೀಳುವುದು, ಹಗಲೆಲ್ಲ ತೂಕಡಿಕೆ ಇವು ನಿದ್ರಾ ಉಸಿರುಗಟ್ಟುವಿಕೆಯ ಲಕ್ಷಣಗಳು. ಬೊಜ್ಜಿನವರಲ್ಲಿ ಇದು ಬಹಳ ಸಾಮಾನ್ಯ. ಕೆಲವರಲ್ಲಿ ಎಚ್ಚರವಿದ್ದಾಗಲೂ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿರುತ್ತದೆ, ಅದು ಇನ್ನೂ ಗಂಭೀರ. ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ಗೊತ್ತಾಗುವುದಿಲ್ಲ. ಆದ್ದರಿಂದ ಮನೆಯವರು ವೈದ್ಯರ ಬಳಿ ಜೊತೆಗೆ ಹೋಗಿ ಕಂಡದ್ದನ್ನು ಹೇಳಬೇಕು. ನಿದ್ದೆಯಲ್ಲಿ ಮುಖವಾಡದ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಬಳಸಲು ಹೇಳಿದ್ದರೆ ಆಪರೇಷನ್ನಿಗೆ ಮುಂಚೆಯೇ ರೂಢಿಸಿಕೊಳ್ಳಿ, ಆಸ್ಪತ್ರೆಗೂ ಒಯ್ಯಿರಿ.

ತಪ್ಪು ಕಲ್ಪನೆ 5: ಇನ್‌ಹೇಲರ್ ಹಿಡಿದರೆ ಬಿಡಲಾಗದ ಚಟವಾಗುತ್ತದೆ.

ಸತ್ಯ: ಚಟವಾಗುವುದಿಲ್ಲ. ಔಷಧ ಅತಿ ಕಡಿಮೆ ಪ್ರಮಾಣದಲ್ಲಿ ನೇರವಾಗಿ ಶ್ವಾಸನಾಳಕ್ಕೆ ಸೇರುವ ದಾರಿ ಅದು. ಆಪರೇಷನ್ ಹತ್ತಿರವಿದ್ದಾಗ ತಾವಾಗಿ ಅದನ್ನು ನಿಲ್ಲಿಸುವುದು ಅಪಾಯಕರ. ಸೌದೆ ಒಲೆಯ ಹೊಗೆಯಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿದ ಹೆಂಗಸರು ಆ ವಿಷಯವನ್ನು ತಪ್ಪದೇ ವೈದ್ಯರಿಗೆ ಹೇಳಬೇಕು. ಬೀಡಿ ಸಿಗರೇಟು ಮುಟ್ಟದವರ ಶ್ವಾಸನಾಳವನ್ನೂ ಆ ಹೊಗೆ ಕೆಡಿಸುತ್ತದೆ.

ತಪ್ಪು ಕಲ್ಪನೆ 6: ಆಪರೇಷನ್ನಿಗೆ ಮುಂಚೆ ಬೀಡಿ-ಸಿಗರೇಟು ದಿಢೀರನೆ ಬಿಟ್ಟರೆ ಕಫ ಕಟ್ಟಿ ಅಪಾಯವಾಗುತ್ತದೆ.

ಸತ್ಯ: ಈ ಹೆದರಿಕೆಗೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಕನಿಷ್ಠ ಆರು ವಾರ ಮೊದಲು ಬಿಡುವುದು ಉತ್ತಮ. ತಡವಾಗಿದ್ದರೆ ಇವತ್ತೇ ಬಿಡಿ. ಬಿಟ್ಟ ಒಂದು ದಿನದೊಳಗೇ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಸೇದಿದರೆ, ಗ್ಯಾಸ್ಟ್ರಿಕ್ ಬೈಪಾಸ್ ಆದವರಿಗೆ ಹೊಲಿಗೆಯ ಜಾಗದಲ್ಲಿ ಹುಣ್ಣಾಗುವ ಸಂಭವ ಹೆಚ್ಚು.

ತಪ್ಪು ಕಲ್ಪನೆ 7: ಏದುಸಿರು ಬರುವವರು ನಡೆಯಬಾರದು, ಪ್ರಾಣಾಯಾಮ ಮಾಡಿದರೆ ಸಾಕು.

ಸತ್ಯ: ನಿಧಾನದ, ಆಳವಾದ ಉಸಿರಾಟ ಒಳ್ಳೆಯದೇ. ಆದರೆ ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ಕಪಾಲಭಾತಿ, ಉಸಿರು ಬಿಗಿಹಿಡಿಯುವ ಅಭ್ಯಾಸಗಳನ್ನು ವೈದ್ಯರನ್ನು ಕೇಳದೆ ಮಾಡಬಾರದು. ನಡಿಗೆಯ ಜಾಗವನ್ನು ಯಾವ ಪ್ರಾಣಾಯಾಮವೂ ತುಂಬುವುದಿಲ್ಲ. ವೈದ್ಯರು ಒಪ್ಪಿದರೆ ಸಮತಟ್ಟಾದ ಜಾಗದಲ್ಲಿ, ಮಾತಾಡುತ್ತ ನಡೆಯಲು ಆಗುವಷ್ಟೇ ವೇಗದಲ್ಲಿ ಶುರು ಮಾಡಿ ದಿನದಿನಕ್ಕೆ ಹೆಚ್ಚಿಸಿಕೊಳ್ಳಿ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಿ. ಆಪರೇಷನ್ನಿಗೆ ಮೊದಲಿನ ವಾರಗಳಲ್ಲಿ ಹೇಳಿಕೊಟ್ಟ ಪಥ್ಯವನ್ನೂ ಪಾಲಿಸಿ. ಅದರಿಂದ ಯಕೃತ್ತು ಕುಗ್ಗಿ, ಸರ್ಜನ್ನರ ಕೆಲಸ ಹಗುರಾಗುತ್ತದೆ.

ತೂಕ ಇಳಿದ ಮೇಲೆ ವಪೆಯ ಮೇಲಿನ ಒತ್ತಡ ಕಡಿಮೆಯಾಗಿ ಉಸಿರಾಟ ತಾನೇ ಸುಧಾರಿಸುತ್ತದೆ. ಅಲ್ಲಿಯವರೆಗೆ ಸುರಕ್ಷಿತವಾಗಿ ತಲುಪಿಸುವುದಕ್ಕೇ ಈ ತಯಾರಿ. ಆದ್ದರಿಂದ ಫಿಟ್‌ನೆಸ್ ಸಿಗದಿದ್ದಾಗ ಕುಗ್ಗಿ ಮನೆಗೆ ಬರುವ ಬದಲು ಮೂರು ಪ್ರಶ್ನೆ ಕೇಳಿ: ತಡೆಯಾಗಿರುವುದು ಯಾವುದು? ಅದಕ್ಕೆ ಚಿಕಿತ್ಸೆ ಏನು? ಮರುಪರೀಕ್ಷೆ ಯಾವಾಗ? ಇವಕ್ಕೆ ಸ್ಪಷ್ಟ ಉತ್ತರ ಪಡೆಯುವುದು ನಿಮ್ಮ ಹಕ್ಕು.